ಹಾಡಿದ್ದಕ್ಕೆ ಹಾಸ್ಟೆಲಿನಿಂದ ಹೊರಗೆ

ಒಂದು ಹಾಡು ಹಾಡಿದ್ದಕ್ಕೆ ಕಾಲೇಜು ಬಿಡಿಸಿದ್ದು ಗೊತ್ತಾ?

1938. ಭಾಲ್ಕಿ ತಾಲೂಕಿನ ನಮ್ಮ ಭಾತಂಬ್ರಾ ಆಗ ನಿಜಾಮನ ಸೀಮೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನ ಹುಡುಗರು ಪ್ರಾರ್ಥನೆಗೆ ‘ವಂದೇ ಮಾತರಂ’ ಹಾಡಿದರು. ಬೇಡ ಅಂದರೂ ಬಿಡಲಿಲ್ಲ. ನೂರಾರು ಮಂದಿಯನ್ನ ಹೊರಹಾಕಿದರು. ಎಷ್ಟೋ ಹುಡುಗರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಆ ಚಳವಳಿಯಲ್ಲಿದ್ದ ಪಿ.ವಿ. ನರಸಿಂಹರಾವ್ ಮುಂದೆ ಪ್ರಧಾನಿಯೇ ಆದರು!

ಓದು ಬಾರದವರಿಗೆ ಗೀಗೀ ಮೇಳ ಇತ್ತು. ಒಬ್ಬನ ಕೈಯಲ್ಲಿ ದಪ್ಪು, ಇನ್ನೊಬ್ಬನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಹಿಂದೆ ‘ಗೀ ಗೀ’ ಅಂತ ದನಿ ಎಳೆಯೋರು. ಉತ್ತರ ಕರ್ನಾಟಕದ ಊರೂರಿಗೆ ಗಾಂಧಿ, ಸ್ವರಾಜ್ಯ ಮುಟ್ಟಿದ್ದು ಹಿಂಗೇ. ಗೀಗೀಯಲ್ಲೇ ಹರದೇಶಿ-ನಾಗೇಶಿ ಅಂದರಂತೂ ಪಕ್ಕಾ ವಾದ: ಗಂಡು ಹೆಚ್ಚೋ, ಹೆಣ್ಣು ಹೆಚ್ಚೋ? ಕೇಳೋರೂ ಎರಡು ಪಾರ್ಟಿ. ಟಿವಿ ಚರ್ಚೆಗಿಂತ ಇದೇ ವಾಸಿ ಬಿಡ್ರಿ, ಇಲ್ಲಿ ತಾಳ ತಪ್ಪಂಗಿಲ್ಲ.

ನಮ್ಮ ಬೀದರ್ ಸೀಮೆಗೆ ನಿಜಾಮನ ಆಳ್ವಿಕೆಯಿಂದ ಸ್ವಾತಂತ್ರ್ಯ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ, ದೇಶಕ್ಕಿಂತ ಹದಿಮೂರು ತಿಂಗಳು ತಡ. ಈಗ ಆ ದಿನದ ಹೆಸರಿಗೇ ಜಗಳ. ಕೆಲವರಿಗೆ ವಿಮೋಚನಾ ದಿನ. ಸರ್ಕಾರಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೆಸರು ಯಾವುದೇ ಇರಲಿ, ಡಿಜೆ ಗಾಡಿಯವನು ಹಾಕೋ ದೇಶಭಕ್ತಿ ಹಾಡು ಮಾತ್ರ ಅವೇ ನಾಲ್ಕು!