ನಕಾಶೆಯಲ್ಲಿದ್ದ ದಾರಿ

ಹಳೇಬೀಡಿಗೂ ಪುಷ್ಪಗಿರಿಗೂ ನಡುವೆ ನಮ್ಮ ತೆಂಗಿನ ತೋಟ. ಅಜ್ಜನ ಕಾಲದಲ್ಲಿ ಗಾಡಿ ಓಡಾಡುತ್ತಿದ್ದ ದಾರಿಯಲ್ಲಿ ಲಂಟಾನ ಬೆಳೆದು, ಬೇಲಿಯೂ ಬಂದಿತ್ತು. ಕೊಬ್ಬರಿ ಅರಸೀಕೆರೆ ಮಾರುಕಟ್ಟೆಗೆ ಹೋಗುವುದು ಆಮೇಲಿನ ಮಾತು, ಕಾಯಿ ಟಾರು ರಸ್ತೆ ಸೇರೋದಕ್ಕೇ ತಲೆಹೊರೆ!

ಹೊಯ್ಸಳರ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಬಸದಿ, ಕೇದಾರೇಶ್ವರ, ಹುಲಿಕೆರೆ ಕಲ್ಯಾಣಿ ಎಂದು ನಡೆದೇ ನೋಡುವವರೂ ಒಬ್ಬಿಬ್ಬರು ಬರುತ್ತಾರೆ. "ಪುಷ್ಪಗಿರಿಗೆ ಒಳದಾರಿ ಇದ್ಯಾ?" ಅಂತ ಕೇಳಿದರೆ ಉತ್ತರವಿರಲಿಲ್ಲ.

ಗ್ರಾಮ ನಕಾಶೆ ತೆಗೆಸಿದೆವು. ಈಗ ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ನಮ್ಮದು ಜೋಡಿ ಗೆರೆ. ಅಳೆದು ನೋಡಿದರೆ ದೊಡ್ಡಪ್ಪನ ತಂತಿಬೇಲಿ ದಾರಿಯೊಳಗೆ. ನನ್ನವೇ ನಾಲ್ಕು ತೆಂಗಿನ ಸಸಿಗಳೂ ಅಲ್ಲೇ! ಅದನ್ನು ಬಾಯಿಬಿಟ್ಟು ಹೇಳೋಕೆ ನನಗೆ ಎರಡು ದಿನ ಬೇಕಾಯ್ತು.

ಸಸಿ ಕಿತ್ತೆ. ದೊಡ್ಡಪ್ಪ ನೋಡುತ್ತಾ ನಿಂತಿದ್ದರು. "ಮೂರು ವರ್ಷದ ಸಸಿ ಕಣೋ, ಬದುಕ್ತವಾ?" ಅಂದರು. ಸಂಜೆ ಅವರೇ ಗುದ್ದಲಿ ತಂದು ಕಂಬ ಅಲುಗಿಸಿದರು. ಮಾತು ಬಗೆಹರಿಯದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕಿತ್ತು. ಆ ತಾಪತ್ರಯ ತಪ್ಪಿತು. ಮನೆಗೊಂದಾಳು ಬಂದು ಲಂಟಾನ ಕಡಿದೆವು, ತಗ್ಗಿಗೆ ಕಲ್ಲು ತುಂಬಿದೆವು.

ಈಗ ತೋಟದ ಬುಡಕ್ಕೇ ಟ್ರ್ಯಾಕ್ಟರ್ ಬರುತ್ತದೆ. ಆದರೆ ಯಾರೋ ಗೇಟು ತೆಗೆದಿಟ್ಟು ಹೋಗಿ, ದನ ಹುರುಳಿ ಮೇಯ್ದವು. ಅದಕ್ಕೇ ಉಣಗೋಲು ಹಾಕಿದ್ದೇವೆ. ಬರುವವರು ಬನ್ನಿ, ದಾಟಿದ ಮೇಲೆ ಗಳ ಮತ್ತೆ ಏರಿಸಿಟ್ಟು ಹೋಗಿ.