ಆಕಾಶ ಹಿಡಿಯಲು ಎಷ್ಟು ಭಾರ ಹೊರಬೇಕು?

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಎರಡು ವರ್ಷದ ಉನ್ನತ ವ್ಯಾಸಂಗಕ್ಕೆ ಸೀಟು ಸಿಕ್ಕಿತ್ತು. ಹೈಸ್ಕೂಲಿನಲ್ಲಿ ಶನಿಗ್ರಹದ ಉಂಗುರ ನೋಡಿದ ದಿನದಿಂದ ಆಕಾಶದ ಹುಚ್ಚು ಹಚ್ಚಿಕೊಂಡ ಹುಡುಗಿ. ಅಲ್ಲಿನ ಆಕಾಶದ ಫೋಟೋ ತೆಗೆಯಬೇಕೆಂಬುದು ಅವಳ ಆಸೆ.

ತಂದೆಯ ಕೈಯಲ್ಲೊಂದು ಪಟ್ಟಿ. 1000 ಮಿ.ಮೀ. ಸಂಗಮದೂರದ ದೂರದರ್ಶಕ, ಅದನ್ನು ತಿರುಗಿಸುವ ಯಂತ್ರ, ಭಾರದ ಗುಂಡುಗಳು. ಒಟ್ಟು 28 ಕಿಲೋ. ವಿಮಾನದಲ್ಲಿ ಅವಳಿಗಿದ್ದ ಮಿತಿ 30 ಕಿಲೋ! "ಪಿಯುಸಿಯಲ್ಲಿ ಒಳ್ಳೆ ಅಂಕ ಬಂದರೆ ಕೊಡಿಸ್ತೀನಿ ಅಂದಿದ್ದೆ ಮೇಷ್ಟ್ರೇ. ಓದಿನ ಸಾಲದ ಜೊತೆಗೆ ಇನ್ನೊಂದಿಷ್ಟು ಸಾಲ, ಅಷ್ಟೇ ತಾನೇ" ಎಂದರು.

ನಾನು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮೊದಲು ಯಾವುದರ ಫೋಟೋ ತೆಗೀತೀಯಮ್ಮ?"

"ಮೆಗೆಲನ್ ಮೇಘ, ಸಾರ್."

ಮೊದಲು ಗುರಿ, ಆಮೇಲೆ ಸಾಮಾನು

ದೊಡ್ಡ ಮೆಗೆಲನ್ ಮೇಘವೆಂದರೆ ಮೋಡವಲ್ಲ. ಸುಮಾರು 1,60,000 ಜ್ಯೋತಿರ್ವರ್ಷ ದೂರದ ಪುಟ್ಟ ಗೆಲಾಕ್ಸಿ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ದಿಗಂತದಿಂದ 8 ಡಿಗ್ರಿಗಿಂತ ಮೇಲೇರದು; ಧೂಳು, ಮಬ್ಬಿನಲ್ಲಿ ಮುಚ್ಚಿಹೋಗುತ್ತದೆ. ದಕ್ಷಿಣದ 31 ಡಿಗ್ರಿ ಅಕ್ಷಾಂಶದಲ್ಲಿ ಅದೇ 52 ಡಿಗ್ರಿ ಎತ್ತರಕ್ಕೆ ಬರುತ್ತದೆ, ಮುಳುಗುವುದೇ ಇಲ್ಲ.

ಆಕಾಶದಲ್ಲಿ ಅದರ ಅಗಲ ಸುಮಾರು 10 ಡಿಗ್ರಿ, ಅಂದರೆ 20 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಪಟ್ಟಿಯಲ್ಲಿದ್ದ ದೂರದರ್ಶಕಕ್ಕೆ ಅವಳ ಎಪಿಎಸ್-ಸಿ ಕ್ಯಾಮೆರಾ ಜೋಡಿಸಿದರೆ ಚಿತ್ರದಲ್ಲಿ ಹಿಡಿಸುವುದು ಒಂದೂಕಾಲು ಡಿಗ್ರಿಯ ಆಸುಪಾಸು ಮಾತ್ರ. ಆನೆಯನ್ನು ಕೀಲಿರಂಧ್ರದಲ್ಲಿ ನೋಡಿದ ಹಾಗೆ! ಸಾಮಾನ್ಯ 50 ಮಿ.ಮೀ. ಲೆನ್ಸಿನಲ್ಲಾದರೆ 27 ಡಿಗ್ರಿ ಅಗಲ ಸಿಗುತ್ತದೆ. ಇಡೀ ಮೇಘ ಆರಾಮವಾಗಿ ಕೂರುತ್ತದೆ.

ಬೆಳಕಿನ ಲೆಕ್ಕವೂ ಇದೆ. ಕ್ಯಾಮೆರಾ ಜೊತೆ ಬಂದ ಜೂಮ್ ಲೆನ್ಸ್ 55 ಮಿ.ಮೀ.ನಲ್ಲಿ ಎಫ್/5.6ರಷ್ಟೇ ತೆರೆಯುತ್ತದೆ. ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ.

ಕಾಲು ಗಟ್ಟಿ ಇರಲಿ

ಹಣ ಉಳಿಸಬಾರದ ಜಾಗವೆಂದರೆ ಟ್ರೈಪಾಡ್. ಇದು ನಾನು ಪೆಟ್ಟು ತಿಂದು ಕಲಿತ ಪಾಠ. 1997ರಲ್ಲಿ ಹೇಲ್-ಬಾಪ್ ಧೂಮಕೇತು ಬಂದಾಗ ಸಾಲದ ಕ್ಯಾಮೆರಾ, ಕಡ್ಡಿಯಂಥ ಟ್ರೈಪಾಡ್ ಹಿಡಿದು ಗುಡ್ಡ ಹತ್ತಿದ್ದೆ. 36 ಚಿತ್ರಗಳ ರೋಲ್ ತೊಳೆಸಿ ನೋಡಿದರೆ ಧೂಮಕೇತುವಿಗೆ ಎರಡೆರಡು ಬಾಲ! ಗಾಳಿಗೆ ಟ್ರೈಪಾಡ್ ಅಲುಗಿತ್ತು. ಬೆರಳಿನಿಂದ ಗುಂಡಿ ಒತ್ತಿದಾಗ ಕ್ಯಾಮೆರಾ ನಡುಗಿತ್ತು. ಆ ಧೂಮಕೇತು ಮತ್ತೆ ಬರುವುದು ಎರಡು ಸಾವಿರ ವರ್ಷ ದಾಟಿದ ಮೇಲೆ. ಆದ್ದರಿಂದ ಎರಡು ಕಿಲೋ ತೂಗಿದರೂ ಅಲುಗದ ಟ್ರೈಪಾಡ್ ಕೊಳ್ಳಿ. ಮುಟ್ಟದೆ ಕ್ಲಿಕ್ಕಿಸುವ ರಿಮೋಟ್ ಕೇಬಲ್ ಇರಲಿ.

ತಿರುಗಿಸುವ ಯಂತ್ರ ಬೇಕೆ?

ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಷಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ. 300ನ್ನು ಸಂಗಮದೂರದಿಂದ ಭಾಗಿಸಿದರೆ ಎಷ್ಟು ಸೆಕೆಂಡ್ ತೆರೆದಿಡಬಹುದೆಂಬ ಅಂದಾಜು ಸಿಗುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಸಂಗಮದೂರವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. 50 ಮಿ.ಮೀ. ಲೆನ್ಸಿಗೆ 300 ÷ 75, ಅಂದರೆ 4 ಸೆಕೆಂಡ್.

ಇಲ್ಲೊಂದು ಲಾಭವಿದೆ. ಬೀಸುವ ಕಲ್ಲಿನ ಅಂಚು ಬೇಗ ಸಾಗಿದರೂ ಗೂಟದ ಹತ್ತಿರ ನಿಧಾನ. ಹಾಗೆಯೇ ಧ್ರುವದ ಬಳಿಯ ನಕ್ಷತ್ರಗಳ ಚಲನೆಯೂ ನಿಧಾನ. ಮೇಘವಿರುವುದು ಖಗೋಳದ ದಕ್ಷಿಣ ಧ್ರುವದಿಂದ 21 ಡಿಗ್ರಿಯಲ್ಲಿ; ಅಲ್ಲಿ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 4 ಸೆಕೆಂಡ್ 11 ಆಗುತ್ತದೆ! ಅಂಥ ನೂರು ಚಿತ್ರ ತೆಗೆದು 'ಡೀಪ್ ಸ್ಕೈ ಸ್ಟಾಕರ್', 'ಸಿರಿಲ್' ಮುಂತಾದ ಉಚಿತ ತಂತ್ರಾಂಶಗಳಲ್ಲಿ ಒಂದರ ಮೇಲೊಂದು ಕೂಡಿಸಬಹುದು.

ಒಂದು ಕಿಲೋ ಆಸುಪಾಸಿನ 'ಸ್ಟಾರ್ ಟ್ರ್ಯಾಕರ್' ಯಂತ್ರಗಳಿವೆ, ಬಹಳ ಉಪಯುಕ್ತ. ಆದರೆ ಅದನ್ನು ಧ್ರುವದ ನೇರಕ್ಕೆ ಕೂರಿಸಬೇಕು. ನಮಗೆ ಉತ್ತರದಲ್ಲಿ ಧ್ರುವನಕ್ಷತ್ರವಿದೆ. ದಕ್ಷಿಣದಲ್ಲಿ ಆ ಕೆಲಸಕ್ಕಿರುವ ಸಿಗ್ಮಾ ಆಕ್ಟಾಂಟಿಸ್ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕು. ತ್ರಿಶಂಕುವಿನ ಉದ್ದನೆಯ ಗೆರೆಯನ್ನು ನಾಲ್ಕೂವರೆ ಪಟ್ಟು ಮುಂದುವರಿಸಿ ಹುಡುಕಬೇಕು. ಆದ್ದರಿಂದ ಆರು ತಿಂಗಳು ಆಕಾಶ ಪರಿಚಯವಾಗಲಿ, ಆಮೇಲೆ ಕೊಳ್ಳಬಹುದು ಎಂದೆ.

ವಿಮಾನ ಹತ್ತುವ ಮುನ್ನ

ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 20 × 3.7 = 74; ತೊಂದರೆಯಿಲ್ಲ. ಬೆಲೆಬಾಳುವ ಕ್ಯಾಮೆರಾ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಹಿಂದಿರುಗುವಾಗ ಸುಂಕದ ತಕರಾರು ತಪ್ಪುತ್ತದೆ. ಟ್ರೈಪಾಡಿನ ಕಾಲಿನ ಮಣ್ಣು ತೊಳೆಯಿರಿ. ಹೊರಗಿನ ಮಣ್ಣಿನ ಬಗ್ಗೆ ಆಸ್ಟ್ರೇಲಿಯಾದ ತಪಾಸಣೆ ಬಲು ಕಟ್ಟುನಿಟ್ಟು. ತಂದೆತಾಯಿಗಳಿಗೊಂದು ಮಾತು: ಕತ್ತಲ ಜಾಗಕ್ಕೆ ಮಕ್ಕಳು ಒಂಟಿಯಾಗಿ ಹೋಗದೆ ಸ್ಥಳೀಯ ಹವ್ಯಾಸಿಗಳ ಜೊತೆ ಹೋಗಲಿ.

ಕೊನೆಗೆ ಅವಳ ಬಳಿಯಿದ್ದ ಕ್ಯಾಮೆರಾಕ್ಕೆ ಸೇರಿದ್ದು ಲೆನ್ಸ್, ಟ್ರೈಪಾಡ್, ಕೇಬಲ್, ಕೆಂಪು ಟಾರ್ಚ್. ಎಲ್ಲ ಸೇರಿ ನಾಲ್ಕು ಕಿಲೋ. ಹೊಸ ಸಾಲ ಬೇಕಾಗಲಿಲ್ಲ. ಉಳಿದ ಜಾಗದಲ್ಲಿ ಅವರಮ್ಮ ಸ್ವೆಟರ್ ತುಂಬಿದರು.

ಜನವರಿಯಲ್ಲಿ ಅವಳಿಂದ ಚಿತ್ರ ಬಂತು. 2016ರಲ್ಲಿ 'ಡಾರ್ಕ್ ಸ್ಕೈ ಪಾರ್ಕ್' ಮನ್ನಣೆ ಪಡೆದ ವಾರಂಬಂಗಲ್ ಉದ್ಯಾನದಲ್ಲಿ ತೆಗೆದದ್ದು. ಕಪ್ಪು ಆಕಾಶದ ನಡುವೆ ಬೆಣ್ಣೆ ಮೆತ್ತಿದಂತೆ ಮೇಘ. ಮೂಲೆಯ ನಕ್ಷತ್ರಗಳು ಸ್ವಲ್ಪ ಎಳೆದಿದ್ದವು. ತಂದೆ ಅದನ್ನು ಪ್ರಿಂಟ್ ಹಾಕಿಸಿ ತಂದು ತೋರಿಸಿದರು. "ದುರ್ಬೀನು ಬಾಕಿ ಇದೆ ಮೇಷ್ಟ್ರೇ" ಎಂದರು.

"ಇರಲಿ ಬಿಡಿ. ವಾಪಸು ಬಂದ ಮೇಲೆ ಯಾವುದು ಬೇಕೆಂದು ಅವಳೇ ಹೇಳುತ್ತಾಳೆ" ಎಂದೆ.