ನಿಮಗಿದು ಗೊತ್ತೆ? ಪುಲಿಗೆರೆ ಲಕ್ಷ್ಮೇಶ್ವರವಾದ ಬಗೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮೊದಲು ಪುಲಿಗೆರೆ. ಹುಲಿಗೆರೆ ಎಂದೂ ಕರೆಯುತ್ತಿದ್ದರು. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆ ಹೆಸರಿಸಿದ್ದು ಇದೇ ಊರನ್ನು!

ಇಷ್ಟು ಕೀರ್ತಿಯ ಹೆಸರು ಬದಲಾದದ್ದೇಕೆ? ಕಲ್ಯಾಣ ಚಾಲುಕ್ಯರ ಕಾಲದಲ್ಲಿ ‘ಪುಲಿಗೆರೆ ಮುನ್ನೂರು’ ಪ್ರಾಂತವನ್ನು ಆಳಿದ ಮಾಂಡಲಿಕ ಲಕ್ಷ್ಮರಸನ ಹೆಸರಿನಿಂದ ಇಲ್ಲಿನ ಶಿವಾಲಯಕ್ಕೆ, ಶಿವಾಲಯದಿಂದ ಊರಿಗೆ ಈ ಹೆಸರು ಬಂತು ಎಂಬುದು ರೂಢಿಯ ವಿವರಣೆ. ಅಧಿಕಾರಿಯ ಹೆಸರು ದೇವರ ಹೆಸರಿನೊಳಗೆ ಬೆರೆತದ್ದೇ ಅದು ಉಳಿಯಲು ಕಾರಣವಿರಬೇಕು.

ಬ್ರಿಟಿಷ್ ಅಧಿಕಾರಿಗಳ ಹೆಸರಿಗೆ ಆ ಭಾಗ್ಯ ದಕ್ಕಲಿಲ್ಲ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನ ‘ಕ್ಲೋಸ್‌ಪೇಟೆ’ ಇಂದಿನ ರಾಮನಗರ. ಭೂವಿಜ್ಞಾನಿಗಳು ಮಾತ್ರ ಅಲ್ಲಿಯ ಬಂಡೆಯನ್ನು ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. 1834ರ ಸುಮಾರಿಗೆ ಕೊಡಗಿನ ಆಡಳಿತ ನೋಡಿಕೊಂಡ ಜೇಮ್ಸ್ ಸ್ಟುವರ್ಟ್ ಫ್ರೇಸರ್ ನೆನಪಿನ ‘ಫ್ರೇಸರ್‌ಪೇಟೆ’ ಕುಶಾಲನಗರವಾಯಿತು.

ಗದಗ ಸೀಮೆಯಲ್ಲಿ ಆ ಕಾಲದ ನೆನಪೇ ಬೇರೆ ಬಗೆಯದು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಭೀಮರಾಯನನ್ನು ಜನ ಊರಿನ ಹೆಸರು ಸೇರಿಸಿಯೇ ‘ಮುಂಡರಗಿ ಭೀಮರಾಯ’ ಎಂದು ಕರೆದರು. ಅಲ್ಲಿ ಊರಿಗೆ ಮನುಷ್ಯನ ಹೆಸರು ಬರಲಿಲ್ಲ. ಮನುಷ್ಯನಿಗೇ ಊರಿನ ಹೆಸರು ಬಂತು.

ಗದಗ-ಬೆಟಗೇರಿ ಕೇಂದ್ರವಾಗಿ ಹೊಸ ಜಿಲ್ಲೆಯಾದದ್ದು 1997ರಲ್ಲಿ. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ ಈಗ ತನ್ನ ಹೆಸರಿನದೇ ತಾಲ್ಲೂಕು. ಅಲ್ಲಿಗೆ ಹೋದಾಗ ಸೋಮೇಶ್ವರ ದೇವಾಲಯವನ್ನು ನೋಡಿ ಬನ್ನಿ. ಹಳೆಯ ಪುಲಿಗೆರೆಯ ವೈಭವ ಅಲ್ಲಿನ ಕಲ್ಲಿನಲ್ಲಿದೆ.